ಹೊಳೆಪಟ್ಟಿಯಿಂದ ಚೌಕಕ್ಕೆ: ಮ್ಯಾನಿಟೋಬಾ ಪ್ರಾಂತದ ಮೊದಲ ನೆಲೆಗಳು

ಕೆನಡಾದ ಭೂಪಟದ ನಡುಭಾಗದಲ್ಲಿರುವ ಮ್ಯಾನಿಟೋಬಾ 1870ರ ಜುಲೈ 15ರಂದು ಆ ದೇಶದ ಒಕ್ಕೂಟವನ್ನು ಐದನೆಯ ಪ್ರಾಂತವಾಗಿ ಸೇರಿತು. ಅದಕ್ಕೆ ಮೂರು ವರ್ಷ ಮೊದಲು ಒಕ್ಕೂಟವನ್ನು ಕಟ್ಟಿದ ಆಂಟೇರಿಯೊ, ಕ್ವಿಬೆಕ್, ನೋವಾ ಸ್ಕೋಷಿಯಾ ಮತ್ತು ನ್ಯೂ ಬ್ರನ್ಸ್‌ವಿಕ್ ಪ್ರಾಂತಗಳು ತಮ್ಮ ಮುಖಂಡರ ಮಾತುಕತೆಯ ಮೂಲಕ ಒಂದುಗೂಡಿದ್ದರೆ, ಮ್ಯಾನಿಟೋಬಾ ಪ್ರಾಂತವಾದದ್ದು ಅಲ್ಲಿನ ನಿವಾಸಿಗಳು ಹೊಸ ಆಡಳಿತವನ್ನು ಗಡಿಯಲ್ಲಿಯೇ ತಡೆದು ನಿಲ್ಲಿಸಿ ತಮ್ಮ ಷರತ್ತುಗಳನ್ನು ಮುಂದಿಟ್ಟದ್ದರಿಂದ. ಭೂಮಾಪಕರ ಸರಪಳಿಯನ್ನು ಕೆಲವು ರೈತರು ತುಳಿದು ನಿಂತಾಗ ಆ ತಡೆ ಆರಂಭವಾಯಿತೆಂಬುದು ಗಮನಾರ್ಹ. ಏಕೆಂದರೆ ಈ ಪ್ರದೇಶದ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯನ್ನು ಯಾವ ಕಡೆಯಿಂದ ಬಿಡಿಸಹೊರಟರೂ ಅದು ನೆಲವನ್ನು ಯಾರು, ಯಾವ ಆಕಾರದಲ್ಲಿ, ಯಾರ ಒಪ್ಪಿಗೆ ಪಡೆದು ಅಳೆಯಬೇಕೆಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಪ್ರಾಂತದ ದಕ್ಷಿಣ ಭಾಗವು ಹಿಮಯುಗದ ಕೊನೆಯಲ್ಲಿ ಕರಗಿದ ಹಿಮನದಿಗಳ ನೀರಿನಿಂದ ಉಂಟಾದ ವಿಶಾಲ ಸರೋವರವೊಂದರ ತಳವಾಗಿತ್ತು. ಅಗಾಸಿಜ್ ಎಂದು ಭೂವಿಜ್ಞಾನಿಗಳು ಹೆಸರಿಸಿದ ಆ ಸರೋವರ ಬತ್ತಿದ ಮೇಲೆ ಉಳಿದದ್ದು ಏರುತಗ್ಗಿಲ್ಲದ, ಎರೆಮಣ್ಣಿನ, ಬಲು ಫಲವತ್ತಾದ ಬಯಲು. ಈ ಬಯಲನ್ನು ಸೀಳಿಕೊಂಡು ರೆಡ್ ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿದು ವಿನಿಪೆಗ್ ಸರೋವರವನ್ನು ಸೇರುತ್ತದೆ. ವಸಂತದಲ್ಲಿ ಮೇಲ್ಭಾಗದ ಹಿಮ ಮೊದಲು ಕರಗಿ ನೀರು ಇಳಿದು ಬರುವಾಗ ಕೆಳಭಾಗದ ನದಿ ಇನ್ನೂ ಹೆಪ್ಪುಗಟ್ಟಿಯೇ ಇರುವುದರಿಂದ, ಪ್ರವಾಹ ಈ ಕಣಿವೆಯ ಬಾಳಿನ ಒಂದು ಭಾಗವೇ ಆಗಿದೆ. ಪಶ್ಚಿಮದಿಂದ ಬರುವ ಅಸಿನಿಬೋಯಿನ್ ನದಿ ರೆಡ್ ನದಿಯನ್ನು ಕೂಡುವ ಸಂಗಮದಲ್ಲಿ, ಈಗಿನ ವಿನಿಪೆಗ್ ನಗರದ ನಟ್ಟನಡುವೆ, ಸುಮಾರು 6,000 ವರ್ಷಗಳಷ್ಟು ಹಿಂದೆಯೇ ಜನ ಬಂದು ತಂಗುತ್ತಿದ್ದರೆಂಬುದಕ್ಕೆ ಉತ್ಖನನದ ಆಧಾರಗಳಿವೆ. ಕ್ರೀ, ಅನಿಶಿನಾಬೆ, ಅಸಿನಿಬೋಯಿನ್ ಮತ್ತು ಡಕೋಟಾ ಜನಾಂಗಗಳ ನಾಡುಗಳು ಈ ಬಯಲಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದವು. ಇವರನ್ನು ಬರಿಯ ಬೇಟೆಗಾರರೆಂದು ಬಗೆಯುವುದು ಹಳೆಯ ಇತಿಹಾಸಗಳ ರೂಢಿಯಾದರೂ, ಸಂಗಮದಿಂದ ಸ್ವಲ್ಪ ಉತ್ತರಕ್ಕಿರುವ ಲಾಕ್‌ಪೋರ್ಟ್ ಎಂಬಲ್ಲಿ ದೊರೆತ ಎಲುಬಿನ ಗುದ್ದಲಿಗಳೂ ಧಾನ್ಯ ತುಂಬಿಡುತ್ತಿದ್ದ ನೆಲಗುಳಿಗಳೂ, ಯುರೋಪಿಯನ್ನರು ಈ ಕಡೆ ಕಾಲಿಡುವ ಮೊದಲೇ ಇಲ್ಲಿ ಮೆಕ್ಕೆಜೋಳದ ಬೇಸಾಯ ನಡೆದಿತ್ತೆಂಬುದನ್ನು ತೋರಿಸಿಕೊಟ್ಟಿವೆ. ಸ್ಕಾಟ್ಲೆಂಡಿನ ವಲಸಿಗರನ್ನು ಈ ನೆಲದ ಮೊದಲ ಕೃಷಿಕರೆಂದು ಕರೆಯುವುದು ಆದ್ದರಿಂದ ನ್ಯಾಯವಲ್ಲ.

ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 1670ರ ಮೇ 2ರಂದು ಹಡ್ಸನ್ಸ್ ಬೇ ಕಂಪನಿಗೆ ಕೊಟ್ಟ ಸನ್ನದು, ಹಡ್ಸನ್ ಕೊಲ್ಲಿಗೆ ನೀರು ಹರಿಯುವ ಸಮಸ್ತ ಪ್ರದೇಶವನ್ನೂ, ಅದರ ವಿಸ್ತಾರವನ್ನು ಕಂಡವರೇ ಇಲ್ಲದ ಕಾಲದಲ್ಲಿ, ಒಂದು ವ್ಯಾಪಾರಿ ಸಂಸ್ಥೆಯ ಸ್ವತ್ತೆಂದು ಘೋಷಿಸಿತು. ದೊರೆಯ ಬಂಧುವೂ ಕಂಪನಿಯ ಮೊದಲ ಗವರ್ನರನೂ ಆಗಿದ್ದ ರೂಪರ್ಟ್‌ನ ಹೆಸರಿನಿಂದ ಅದಕ್ಕೆ ರೂಪರ್ಟ್ಸ್ ಲ್ಯಾಂಡ್ ಎಂದು ಹೆಸರಾಯಿತು. ಕಂಪನಿಗೆ ಬೇಕಾಗಿದ್ದದ್ದು ಟೋಪಿಗಳ ತಯಾರಿಕೆಗೆ ಒದಗುವ ಬೀವರ್ ಎಂಬ ಜಲಚರ ದಂಶಕದ ತುಪ್ಪಳ. ನೆಲದ ಮೇಲೆ ಅದಕ್ಕೆ ಆಸಕ್ತಿ ಇರಲಿಲ್ಲವಾದ್ದರಿಂದ ಅದು ಬಹುಕಾಲ ಕೊಲ್ಲಿಯ ದಂಡೆಯ ಯಾರ್ಕ್ ಫ್ಯಾಕ್ಟರಿಯಂಥ ಕೋಠಿಗಳಲ್ಲಿಯೇ ಕುಳಿತು ವ್ಯಾಪಾರ ಮಾಡಿತು. ಒಳನಾಡಿಗೆ ಮೊದಲು ಬಂದು ನೆಲೆ ಹಾಕಿದವರು ಫ್ರೆಂಚರು: ಲಾ ವೆರಾಂದ್ರಿ ಎಂಬ ಅನ್ವೇಷಕನ ತಂಡ 1738ರಲ್ಲಿ ಸಂಗಮದ ಬಳಿ ಫೋರ್ಟ್ ರೂಜ್ ಎಂಬ ಪುಟ್ಟ ಕೋಟೆಯನ್ನು ಕಟ್ಟಿತು. ಮುಂದೆ ಮಾಂಟ್ರಿಯಲ್ ನಗರದ ವರ್ತಕರು ನಾರ್ತ್ ವೆಸ್ಟ್ ಕಂಪನಿಯನ್ನು ಕಟ್ಟಿಕೊಂಡು ಹಡ್ಸನ್ಸ್ ಬೇ ಕಂಪನಿಗೆ ಸಮಬಲದ ಎದುರಾಳಿಯಾದರು. ಈ ವರ್ತಕರ ದೋಣಿತಂಡಗಳು ದೂರದ ಉತ್ತರದವರೆಗೆ ಹೋಗಿ ಬರಲು ಸಾಧ್ಯವಾದದ್ದು ಪೆಮಿಕನ್ ಎಂಬ ಆಹಾರದಿಂದ. ಹೆಗಲ ಮೇಲೆ ಎತ್ತರದ ಡುಬ್ಬವುಳ್ಳ ಬೈಸನ್ ಎಂಬ ಕಾಡುದನದ ಮಾಂಸವನ್ನು ಒಣಗಿಸಿ, ಕುಟ್ಟಿ ಪುಡಿಮಾಡಿ, ಕರಗಿಸಿದ ಕೊಬ್ಬನ್ನೂ ಕೆಲವೊಮ್ಮೆ ಕಾಡುಹಣ್ಣುಗಳನ್ನೂ ಬೆರೆಸಿ, ಅದೇ ಪ್ರಾಣಿಯ ತೊಗಲಿನ ಚೀಲಗಳಲ್ಲಿ ತುಂಬಿ ಹೊಲಿದ ಈ ಬುತ್ತಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇದನ್ನು ಸಿದ್ಧಮಾಡಿ ಮಾರುವುದನ್ನು ಜೀವನೋಪಾಯ ಮಾಡಿಕೊಂಡವರಲ್ಲಿ ಮೆಟೀ ಜನ ಮುಖ್ಯರು. ಫ್ರೆಂಚ್ ಮತ್ತು ಸ್ಕಾಟಿಷ್ ವ್ಯಾಪಾರಿಗಳು ಕ್ರೀ ಹಾಗೂ ಅನಿಶಿನಾಬೆ ಸ್ತ್ರೀಯರನ್ನು ಮದುವೆಯಾಗಿ ಬೆಳೆದ ಕುಟುಂಬಗಳ ಸಂತತಿಯಾದ ಇವರು, ಕ್ರೀ ಕ್ರಿಯಾಪದಗಳನ್ನೂ ಫ್ರೆಂಚ್ ನಾಮಪದಗಳನ್ನೂ ಹೆಣೆದ ಮಿಚಿಫ್ ಎಂಬ ಸ್ವಂತ ಭಾಷೆಯನ್ನು ರೂಪಿಸಿಕೊಂಡು, ಎರಡು ಮೂಲಗಳಿಂದಲೂ ಬೇರೆಯಾದ ಒಂದು ಜನಾಂಗವೆಂಬ ಅರಿವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಪಡೆದಿದ್ದರು.

ಬೇಸಾಯದ ವಸಾಹತಿನ ಯೋಜನೆ ಬಂದದ್ದು ಸ್ಕಾಟ್ಲೆಂಡಿನಿಂದ. ಅಲ್ಲಿನ ಬೆಟ್ಟಸೀಮೆಯ ಜಮೀನುದಾರರು ಕುರಿಸಾಕಣೆಯ ಲಾಭಕ್ಕಾಗಿ ಗೇಣಿದಾರರನ್ನು ಊರೂರುಗಳಿಂದಲೇ ಎಬ್ಬಿಸುತ್ತಿದ್ದ ಕಾಲದಲ್ಲಿ, ಸೆಲ್ಕರ್ಕ್‌ನ ಐದನೆಯ ಅರ್ಲ್ ಆದ ಥಾಮಸ್ ಡಗ್ಲಸ್ ಅಂಥ ನಿರ್ಗತಿಕರಿಗೆ ನೆಲ ಒದಗಿಸುವ ಉದ್ದೇಶದಿಂದ 1811ರಲ್ಲಿ ಹಡ್ಸನ್ಸ್ ಬೇ ಕಂಪನಿಯಿಂದ 1,16,000 ಚದರ ಮೈಲಿಗಳ ದಾನಪತ್ರವನ್ನು ಬರಿಯ 10 ಶಿಲಿಂಗ್ ನಾಮಮಾತ್ರ ಬೆಲೆಗೆ ಪಡೆದುಕೊಂಡನು. ಅಸಿನಿಬೋಯಾ ಎಂದು ಕರೆಸಿಕೊಂಡ ಈ ಪ್ರದೇಶದಲ್ಲಿ ವಾಸವಾಗಿದ್ದವರನ್ನು ಯಾರೂ ಕೇಳಲಿಲ್ಲ. ಮೊದಲ ತಂಡ 1811ರ ಜುಲೈಯಲ್ಲಿ ಹಡಗು ಹತ್ತಿ, ಕೊಲ್ಲಿಯ ದಂಡೆಯಲ್ಲಿ ಚಳಿಗಾಲವನ್ನು ಕಳೆದು, ಮರುವರ್ಷದ ಆಗಸ್ಟಿನಲ್ಲಿ ಸಂಗಮವನ್ನು ಮುಟ್ಟಿತು. ನೇಗಿಲೂ ಇಲ್ಲದೆ ಗುದ್ದಲಿಯಿಂದ ಗೋಧಿ ಬಿತ್ತಲು ಹೊರಟ ಈ ಜನರನ್ನು ಮೊದಲ ಚಳಿಗಾಲಗಳಲ್ಲಿ ಬದುಕಿಸಿದ್ದು ಪೆಗುಯಿಸ್ ಎಂಬ ಅನಿಶಿನಾಬೆ ಮುಖಂಡನ ಜನರ ಹಾಗೂ ಮೆಟೀ ಬೇಟೆಗಾರರ ನೆರವು.

ಉಪಕಾರ ಹಗೆಯಾಗಿ ತಿರುಗಲು ಹೆಚ್ಚು ದಿನ ಬೇಕಾಗಲಿಲ್ಲ. ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್ 1814ರ ಜನವರಿಯಲ್ಲಿ ತನ್ನ ವಸಾಹತಿಗರ ಹೊಟ್ಟೆಪಾಡಿಗೆಂದು ಪೆಮಿಕನ್ ಹೊರಗೆ ಸಾಗಿಸುವುದನ್ನು ನಿಷೇಧಿಸಿದಾಗ, ಅದು ನಾರ್ತ್ ವೆಸ್ಟ್ ಕಂಪನಿಯ ದೋಣಿಗಳಿಗೂ ಮೆಟೀ ಜನರ ಗಳಿಕೆಗೂ ಒಂದೇ ಏಟಿನ ಹೊಡೆತವಾಯಿತು. ವೈರ ಬೆಳೆದು, 1816ರ ಜೂನ್ 19ರಂದು ಸೆವೆನ್ ಓಕ್ಸ್ ಎಂಬಲ್ಲಿ ಕತ್ಬರ್ಟ್ ಗ್ರಾಂಟ್ ನೇತೃತ್ವದ ಮೆಟೀ ತಂಡಕ್ಕೂ ಹೊಸ ಗವರ್ನರ್ ರಾಬರ್ಟ್ ಸೆಂಪಲ್‌ನ ಜನರಿಗೂ ನಡೆದ ಕಾಳಗದಲ್ಲಿ ಸೆಂಪಲ್ ಮತ್ತು ಅವನ ಕಡೆಯ 20 ಮಂದಿ ಸತ್ತರು. ಮೆಟೀ ಕಡೆಯಲ್ಲಿ ಒಬ್ಬನು ಮಡಿದನು. ಬ್ರಿಟಿಷ್ ಬರಹಗಾರರು ಇದನ್ನು ಬಹುಕಾಲ ಕಗ್ಗೊಲೆಯೆಂದೇ ವರ್ಣಿಸಿದರೆ, ಮೆಟೀ ಜನ ಇದನ್ನು ತಮ್ಮ ಜನಾಂಗದ ಮೊದಲ ವಿಜಯವೆಂದು ನೆನೆಯುತ್ತ ಬಂದಿದ್ದಾರೆ.

ಸೆಲ್ಕರ್ಕ್ ಸ್ವತಃ 1817ರಲ್ಲಿ ಬಂದು ಮಾಡಿದ ಕೆಲಸ ಮುಂದಿನ ಚರಿತ್ರೆಗೆ ಬಹಳ ಮುಖ್ಯವಾದುದು. ಜುಲೈ 18ರಂದು ಅವನು ಪೆಗುಯಿಸ್ ಸೇರಿದಂತೆ ಐವರು ಮುಖಂಡರೊಂದಿಗೆ ಒಪ್ಪಂದ ಮಾಡಿಕೊಂಡನು. ಮುಖಂಡರು ತಂತಮ್ಮ ಕುಲಲಾಂಛನದ ಪ್ರಾಣಿಯ ಚಿತ್ರವನ್ನು ಬರೆದು ಅಂಕಿತ ಹಾಕಿದರು. ಎರಡೂ ನದಿಗಳ ದಂಡೆಯಿಂದ ಎರಡೆರಡು ಮೈಲಿ ಒಳಕ್ಕೆ, ಕೋಟೆಗಳ ಸುತ್ತ ಆರು ಮೈಲಿಯವರೆಗೆ, ವಸಾಹತಿಗರು ನೆಲವನ್ನು ಬಳಸಬಹುದೆಂದೂ, ಪ್ರತಿಯಾಗಿ ಎರಡು ಜನಾಂಗಗಳಿಗೆ ವರ್ಷಕ್ಕೆ ನೂರು ನೂರು ಪೌಂಡ್ ಹೊಗೆಸೊಪ್ಪನ್ನು ಕೊಡಬೇಕೆಂದೂ ಅದರಲ್ಲಿತ್ತು. ಎರಡು ಮೈಲಿ ಎಂಬುದನ್ನು ಮುಖಂಡರಿಗೆ ವಿವರಿಸಲು, ಸಮತಟ್ಟು ಬಯಲಿನಲ್ಲಿ ನಿಂತ ಕುದುರೆಯ ಹೊಟ್ಟೆಯ ಕೆಳಗಿನಿಂದ ನೋಡಿದರೆ ಬೆಳಕು ಕಾಣುವಷ್ಟು ದೂರವೆಂದು ಹೇಳಲಾಯಿತೆಂಬ ಪ್ರತೀತಿ ಈ ಸೀಮೆಯಲ್ಲಿ ಇಂದಿಗೂ ಉಂಟು. ಹೊಗೆಸೊಪ್ಪಿನ ಕಾಣಿಕೆಯನ್ನು ಸೆಲ್ಕರ್ಕ್‌ನ ಕಡೆಯವರು ಖರೀದಿಯ ಬೆಲೆಯೆಂದು ಎಣಿಸಿದರು. ನೆಲವನ್ನು ತಾವು ಮಾರಿಯೇ ಇಲ್ಲವೆಂದು ಪೆಗುಯಿಸ್ ತನ್ನ ಮುಪ್ಪಿನ ಕಾಲದಲ್ಲಿ ಲಂಡನ್ನಿಗೆ ಪತ್ರ ಬರೆಸಿ ದೂರಿಕೊಂಡನು.

ಈ ಎರಡು ಮೈಲಿಯ ಗಡಿಯೊಳಗೆ ಬೆಳೆದುಬಂದ ಹಿಡುವಳಿಯ ಪದ್ಧತಿಯೇ ಹೊಳೆಪಟ್ಟಿ. ಪ್ರತಿ ಕುಟುಂಬಕ್ಕೂ ನದಿಯ ದಂಡೆಯಲ್ಲಿ ಕಿರಿದಾದ ಅಂಚು ದೊರೆತು, ಅಲ್ಲಿಂದ ಹಿಡುವಳಿಯು ಅಗಲದಲ್ಲಿ ಕೆಲವೇ ಸರಪಳಿಗಳಷ್ಟಿದ್ದರೂ ಉದ್ದದಲ್ಲಿ ಎರಡು ಮೈಲಿಯವರೆಗೆ ಬಯಲಿನೊಳಕ್ಕೆ ಚಾಚಿಕೊಳ್ಳುತ್ತಿತ್ತು. ಇಲ್ಲಿ ಸರಪಳಿಯೆಂದರೆ ಭೂಮಾಪನದ 66 ಅಡಿಯ ಅಳತೆ. 33 ಅಡಿ ಚೌಕದ ಗುಂಟೆಯನ್ನು ಬಲ್ಲ ಕನ್ನಡದ ಓದುಗರಿಗೆ, ಒಂದು ಚದರ ಸರಪಳಿಯೆಂದರೆ ನಾಲ್ಕು ಗುಂಟೆಯೆಂದು ಹೇಳಿದರೆ ತಿಳಿದೀತು. ನೋಡಲು ವಿಚಿತ್ರವಾದ ಈ ನೀಳ ಆಕಾರದ ಹಿಂದೆ ಗಟ್ಟಿಯಾದ ವಿವೇಕವಿತ್ತು. ಕುಡಿಯುವ ನೀರು, ಮೀನು, ದೋಣಿಯ ದಾರಿ, ದಂಡೆಯ ಮರಗಳಿಂದ ಸೌದೆ ಇವೆಲ್ಲ ಪ್ರತಿಯೊಬ್ಬರಿಗೂ ದಕ್ಕುತ್ತಿದ್ದವು. ಮನೆಗಳು ದಂಡೆಯುದ್ದಕ್ಕೂ ಒಂದರ ಪಕ್ಕದಲ್ಲೊಂದು ಇರುತ್ತಿದ್ದರಿಂದ ಘೋರ ಚಳಿಗಾಲದಲ್ಲಿ ನೆರೆಹೊರೆಯ ಆಸರೆ ಕೂಗಳತೆಯಲ್ಲಿರುತ್ತಿತ್ತು. ಮನೆಯ ಹಿಂದೆ ಕೈತೋಟ, ಅದರಾಚೆ ಗೋಧಿ ಮತ್ತು ಬಾರ್ಲಿಯ ಹೊಲ, ಅದಕ್ಕೂ ಆಚೆ ಎರಡು ಮೈಲಿಯವರೆಗೆ ಆಯಾ ಪಟ್ಟಿಯವರು ಮಾತ್ರ ಹುಲ್ಲು ಕೊಯ್ದುಕೊಳ್ಳುವ ಹಕ್ಕು, ಅದರಾಚೆ ಎಲ್ಲರ ದನಕರುಗಳಿಗೆ ತೆರೆದ ಬಯಲು. ಕ್ವಿಬೆಕ್‌ನ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ಫ್ರೆಂಚರು ರೂಢಿಸಿದ್ದ ಈ ಕ್ರಮವನ್ನು ರೆಡ್ ನದಿಯಲ್ಲಿ ಸ್ಕಾಟರೂ ಮೆಟೀ ಜನರೂ ಸಮಾನವಾಗಿ ಒಪ್ಪಿಕೊಂಡರು. ಬಹುಪಾಲು ಮೆಟೀ ಕುಟುಂಬಗಳ ಬಳಿ ಬರಹದ ಹಕ್ಕುಪತ್ರವಿರಲಿಲ್ಲ. ಅನುಭೋಗವೂ ನೆರೆಯವರ ಒಪ್ಪಿಗೆಯೂ ಸಾಕೆಂದು ಎಲ್ಲರೂ ನಂಬಿದ್ದ ಸಮಾಜವದು.

ಎರಡೂ ಕಂಪನಿಗಳು 1821ರಲ್ಲಿ ವಿಲೀನವಾದ ಮೇಲೆ ಕೆಲಸ ಕಳೆದುಕೊಂಡ ನೌಕರರು ಕುಟುಂಬಸಮೇತ ಬಂದು ನೆಲೆಸಿದ್ದರಿಂದ ವಸಾಹತು ಬೇಗ ಬೆಳೆಯಿತು. ಮಿಡತೆಗಳ ದಾಳಿ, ಮಂಜಿನ ಹೊಡೆತ, ದಾಖಲಾದವುಗಳಲ್ಲೇ ಅತ್ಯಂತ ಭೀಕರವಾದ 1826ರ ಪ್ರವಾಹ ಇವುಗಳಿಗೆ ಹೆದರಿ ಸ್ವಿಸ್ ವಲಸಿಗರು ಅಮೆರಿಕದ ಕಡೆಗೆ ಹೊರಟುಹೋದರೂ ಮೆಟೀ ಜನರೂ ಸ್ಕಾಟರೂ ಅಲ್ಲಿಯೇ ಉಳಿದರು. ವರ್ಷಕ್ಕೆರಡು ಬಾರಿ ಮೆಟೀ ಜನ ಊರಿಗೆ ಊರೇ ಒಟ್ಟಾಗಿ ಬೈಸನ್ ಬೇಟೆಗೆ ಹೊರಡುತ್ತಿದ್ದರು; 1840ರ ಬೇಟೆಯಲ್ಲಿ 1,210 ಬಂಡಿಗಳೂ 1,630 ಜನರೂ ಇದ್ದರೆಂದು ಅದನ್ನು ಕಣ್ಣಾರೆ ಕಂಡ ಅಲೆಕ್ಸಾಂಡರ್ ರಾಸ್ ದಾಖಲಿಸಿದ್ದಾನೆ. ಈ ಬಂಡಿಗಳಲ್ಲಿ ಕಬ್ಬಿಣದ ಮೊಳೆಯೊಂದೂ ಇರುತ್ತಿರಲಿಲ್ಲ. ಮರ ಮತ್ತು ಹಸಿದೊಗಲಿನಿಂದಲೇ ಕಟ್ಟಿ, ದಾರಿಯಲ್ಲಿ ಮುರಿದರೆ ಅಲ್ಲಿಯೇ ಕಡಿದ ಮರದಿಂದ ದುರಸ್ತಿ ಮಾಡಿಕೊಂಡು, ಹೊಳೆ ಅಡ್ಡಬಂದರೆ ಗಾಲಿ ಕಳಚಿ ತೆಪ್ಪದಂತೆ ತೇಲಿಸುತ್ತಿದ್ದರು. ಹೊರಡುವ ಮೊದಲು ನಾಯಕರನ್ನು ಆರಿಸಿ, ಅಪ್ಪಣೆಯಾಗುವ ಮುನ್ನ ಯಾರೂ ಹಿಂಡಿನ ಮೇಲೆ ಬೀಳಬಾರದು, ಭಾನುವಾರ ಬೇಟೆಯಾಡಬಾರದು ಎಂಬಂಥ ಕಟ್ಟಳೆಗಳನ್ನು ಸಾರಿ, ಮೊದಲ ತಪ್ಪಿಗೆ ಜೀನು ಕತ್ತರಿಸುವುದು, ಎರಡನೆಯದಕ್ಕೆ ಅಂಗಿ ಹರಿಯುವುದು ಎಂದು ದಂಡನೆಗಳನ್ನು ಗೊತ್ತುಮಾಡುತ್ತಿದ್ದರು. ಮುಂದೆ 1869ರಲ್ಲಿ ಇದೇ ಜನ ಕೆಲವೇ ವಾರಗಳಲ್ಲಿ ಸರ್ಕಾರವೊಂದನ್ನು ರಚಿಸಿದಾಗ ಹೊರಗಿನವರಿಗಾದ ಅಚ್ಚರಿ ಈ ಬೇಟೆಯ ಶಿಸ್ತನ್ನು ಅರಿಯದವರ ಅಚ್ಚರಿ. ಕಂಪನಿಯ ಏಕಸ್ವಾಮ್ಯವನ್ನು ಮೀರಿ ತುಪ್ಪಳ ವ್ಯಾಪಾರ ಮಾಡಿದ ಗಿಯೋಮ್ ಸೇಯರ್‌ನನ್ನು 1849ರಲ್ಲಿ ವಿಚಾರಣೆಗೆ ಗುರಿಪಡಿಸಿದಾಗ ನೂರಾರು ಮೆಟೀ ಜನ ಆಯುಧಸಹಿತ ನ್ಯಾಯಾಲಯವನ್ನು ಸುತ್ತುವರಿದರು. ತಪ್ಪಿತಸ್ಥನೆಂದು ತೀರ್ಪಾದರೂ ಶಿಕ್ಷೆ ವಿಧಿಸುವ ಧೈರ್ಯ ಯಾರಿಗೂ ಬರಲಿಲ್ಲವಾಗಿ ಏಕಸ್ವಾಮ್ಯ ಅಲ್ಲಿಗೆ ಮುರಿದುಬಿತ್ತು.

ಕೆನಡಾ ಸರ್ಕಾರವು 3,00,000 ಪೌಂಡ್ ಕೊಟ್ಟು ರೂಪರ್ಟ್ಸ್ ಲ್ಯಾಂಡನ್ನು ಪಡೆಯುವ ಏರ್ಪಾಡಾದದ್ದು 1869ರಲ್ಲಿ. ಫಲವತ್ತಾದ ಬಯಲಿನ ಇಪ್ಪತ್ತನೆಯ ಒಂದು ಭಾಗವನ್ನು ಕಂಪನಿ ತನಗೇ ಉಳಿಸಿಕೊಂಡಿತು. ಕಂಪನಿಯ ಹಿತವನ್ನು ಇಷ್ಟು ಎಚ್ಚರದಿಂದ ಕಾಪಾಡಿದ ಈ ವ್ಯವಹಾರದಲ್ಲಿ ಅಲ್ಲಿ ಬಾಳುತ್ತಿದ್ದ ಸುಮಾರು ಹನ್ನೆರಡು ಸಾವಿರ ಜನರ ಅಭಿಪ್ರಾಯಕ್ಕೆ ಸ್ಥಾನವಿರಲಿಲ್ಲ. ಹಸ್ತಾಂತರ ಮುಗಿಯುವ ಮೊದಲೇ ಕರ್ನಲ್ ಡೆನಿಸ್ ಎಂಬ ಅಧಿಕಾರಿಯ ಕೆಳಗೆ ಭೂಮಾಪಕರು ಬಂದು ಬಯಲನ್ನು ಚೌಕಗಳಾಗಿ ಅಳೆಯತೊಡಗಿದರು. ಅಕ್ಟೋಬರ್ 11ರಂದು ಸೇಂಟ್ ವೈಟಲ್ ಎಂಬಲ್ಲಿ ಅವರ ಸರಪಳಿ ಆಂದ್ರೆ ನೋ ಎಂಬ ರೈತನ ಹುಲ್ಲುಭೂಮಿಯನ್ನು ಹಾದುಹೋಗುವಾಗ ಮೆಟೀ ರೈತರ ಗುಂಪೊಂದು ಬಂದು ಸರಪಳಿಯ ಮೇಲೆ ಕಾಲಿಟ್ಟು ನಿಂತಿತು. ಕೆನಡಾಕ್ಕೆ ಇಲ್ಲಿ ಅಳೆಯುವ ಅಧಿಕಾರವಿಲ್ಲವೆಂದು ಅವರ ಪರವಾಗಿ ಹೇಳಿದವನು ಮಾಂಟ್ರಿಯಲ್‌ನಲ್ಲಿ ಓದಿ ಹಿಂದಿನ ವರ್ಷವಷ್ಟೇ ಊರಿಗೆ ಮರಳಿದ್ದ 24 ವರ್ಷದ ಲೂಯಿ ರಿಯೆಲ್. ಇವನ ತಂದೆ 1849ರ ಚಳವಳಿಯ ಮುಖಂಡರಲ್ಲೊಬ್ಬ. ಕಾನೂನಿನ ದೃಷ್ಟಿಯಿಂದ ರಿಯೆಲ್‌ನ ಮಾತು ಸರಿಯಾಗಿಯೇ ಇತ್ತು, ಹಸ್ತಾಂತರ ಇನ್ನೂ ಆಗಿರಲಿಲ್ಲ. ಮುಂದಿನ ತಿಂಗಳು ನಿಯೋಜಿತ ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಮ್ಯಾಕ್‌ಡೂಗಲ್‌ನನ್ನು ಗಡಿಯಲ್ಲಿ ತಡೆದು, ಕಂಪನಿಯ ಅಪ್ಪರ್ ಫೋರ್ಟ್ ಗ್ಯಾರಿ ಕೋಟೆಯನ್ನು ವಶಪಡಿಸಿಕೊಂಡು, ಫ್ರೆಂಚ್ ಮತ್ತು ಇಂಗ್ಲಿಷ್ ಮಾತನಾಡುವ ಪ್ಯಾರಿಷ್‌ಗಳ ಪ್ರತಿನಿಧಿಗಳನ್ನು ಸೇರಿಸಿ ಹಕ್ಕುಗಳ ಪಟ್ಟಿಯನ್ನು ತಯಾರಿಸಲಾಯಿತು. ಪ್ಯಾರಿಷ್ ಎಂದರೆ ಒಂದು ಇಗರ್ಜಿಯ ಸುತ್ತ ಬೆಳೆದ ಹೊಳೆದಂಡೆಯ ಊರು. ರಿಯೆಲ್ ನೇತೃತ್ವದಲ್ಲಿ ರಚನೆಯಾದ ತಾತ್ಕಾಲಿಕ ಸರ್ಕಾರವು 1870ರ ಮಾರ್ಚ್ 4ರಂದು ಥಾಮಸ್ ಸ್ಕಾಟ್ ಎಂಬ ಆಂಟೇರಿಯೊದ ಕೈದಿಗೆ ಮರಣದಂಡನೆ ವಿಧಿಸಿ ಗುಂಡಿಟ್ಟಿತು. ಆ ಒಂದು ನಿರ್ಧಾರ ಆಂಟೇರಿಯೊದ ಪ್ರೊಟೆಸ್ಟಂಟರ ಆಕ್ರೋಶವನ್ನು ಕೆರಳಿಸಿ, ರಿಯೆಲ್ ಗಳಿಸಿದ್ದ ರಾಜಕೀಯ ಬಲವನ್ನು ಬಹಳಮಟ್ಟಿಗೆ ಕುಂದಿಸಿತು.

ಆದರೂ ಕೆನಡಾದ ರಾಜಧಾನಿ ಒಟ್ಟಾವಾಕ್ಕೆ ಹೋದ ಮೂವರು ಪ್ರತಿನಿಧಿಗಳು, ಅವರಲ್ಲಿಯೂ ಪಾದ್ರಿ ರಿಚೊ, ಪಟ್ಟು ಬಿಡದೆ ಮಾತಾಡಿ ಪಡೆದುಕೊಂಡದ್ದು ಅಲ್ಪವಲ್ಲ. ಆ ವರ್ಷದ ಮೇ 12ರಂದು ಅಂಗೀಕಾರವಾದ ಮ್ಯಾನಿಟೋಬಾ ಕಾಯಿದೆ ಎರಡೂ ಭಾಷೆಗಳಿಗೆ ಮತ್ತು ಚರ್ಚಿನ ಶಾಲೆಗಳಿಗೆ ರಕ್ಷಣೆ ನೀಡಿತು. 32ನೆಯ ವಿಧಿ ಆಗಲೇ ಉಳುತ್ತಿದ್ದವರ ಹೊಳೆಪಟ್ಟಿಗಳನ್ನು ಮಾನ್ಯ ಮಾಡಿತು. 31ನೆಯ ವಿಧಿ ಮೆಟೀ ಕುಟುಂಬಗಳ ಮಕ್ಕಳಿಗೆಂದು 14 ಲಕ್ಷ ಎಕರೆ ನೆಲವನ್ನು ಕಾದಿರಿಸಿತು. ಹೊಸ ಪ್ರಾಂತ ಭೂಪಟದಲ್ಲಿ ಅಂಚೆಚೀಟಿಯಷ್ಟೇ ಕಾಣುತ್ತದೆಂದು ಆಡಿಕೊಳ್ಳುವಷ್ಟು ಪುಟ್ಟದಾಗಿತ್ತು; ಅದರ ಸರಕಾರಿ ಭೂಮಿಯ ಒಡೆತನವನ್ನು ಹಳೆಯ ಪ್ರಾಂತಗಳಿಗಿದ್ದಂತೆ ಅದಕ್ಕೆ ಕೊಡದೆ ಒಟ್ಟಾವಾ ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು. ಮುಂದಿನ ದುರ್ಗತಿಯ ಮೂಲ ಇಲ್ಲಿದೆ. ಆಗಸ್ಟಿನಲ್ಲಿ ಕರ್ನಲ್ ವೂಲ್ಸ್‌ಲಿಯ ಸೈನ್ಯ ಬಂದಿಳಿದಾಗ ರಿಯೆಲ್ ತಲೆಮರೆಸಿಕೊಂಡನು. ಸೈನಿಕರ ಹಲ್ಲೆ ಮತ್ತು ದಬ್ಬಾಳಿಕೆಯನ್ನು ಮೆಟೀ ಕುಟುಂಬಗಳು ವರ್ಷಗಟ್ಟಲೆ ಸಹಿಸಬೇಕಾಯಿತು.

ಭೂಮಾಪನ ಮತ್ತೆ ಶುರುವಾದದ್ದು 1871ರಲ್ಲಿ. ಆ ವರ್ಷದ ಆಗಸ್ಟ್ 3ರಂದು ಲೋವರ್ ಫೋರ್ಟ್ ಗ್ಯಾರಿಯಲ್ಲಿ ಅನಿಶಿನಾಬೆ ಮತ್ತು ಜೌಗುನಾಡಿನ ಕ್ರೀ ಜನರೊಂದಿಗೆ ಮೊದಲ ಸಂಖ್ಯೆಯ ಒಪ್ಪಂದವಾಗಿ, ಐವರ ಕುಟುಂಬಕ್ಕೆ 160 ಎಕರೆಯ ಲೆಕ್ಕದಲ್ಲಿ ಮೀಸಲು ಪ್ರದೇಶಗಳೂ ತಲೆಗೆ ವರ್ಷಕ್ಕೆ ಮೂರು ಡಾಲರ್ ಸಂದಾಯವೂ ನಿಗದಿಯಾದವು. ಉಳಿದ ಬಯಲನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಪ್ರತಿ ಟೌನ್‌ಶಿಪ್ಪನ್ನು ಒಂದೊಂದು ಚದರ ಮೈಲಿಯ 36 ಸೆಕ್ಷನ್‌ಗಳಾಗಿ, ಪ್ರತಿ ಸೆಕ್ಷನ್ನನ್ನು 160 ಎಕರೆಯ ನಾಲ್ಕು ಕಾಲುಗಳಾಗಿ ಕತ್ತರಿಸಲಾಯಿತು. ಬಹುತೇಕ ಟೌನ್‌ಶಿಪ್‌ಗಳಲ್ಲಿ 8ನೆಯ ಸೆಕ್ಷನ್ ಪೂರ್ತಿಯಾಗಿಯೂ 26ನೆಯದರ ಮುಕ್ಕಾಲು ಪಾಲೂ ಹಡ್ಸನ್ಸ್ ಬೇ ಕಂಪನಿಗೆ, 11 ಮತ್ತು 29 ಶಾಲೆಗಳ ನಿಧಿಗೆ. ಹತ್ತು ಡಾಲರ್ ಶುಲ್ಕ ಕೊಟ್ಟು ಮೂರು ವರ್ಷ ಉತ್ತವನಿಗೆ ಒಂದು ಕಾಲು ಸೆಕ್ಷನ್ ಸ್ವಂತವಾಗುತ್ತದೆಂದು 1872ರ ಭೂಕಾಯಿದೆ ಸಾರಿತು. ನೀರು ಎಲ್ಲಿದೆ, ಕಾಡು ಎಲ್ಲಿದೆ ಎಂಬುದನ್ನು ಈ ಗೆರೆಗಳು ಕೇಳಲಿಲ್ಲ. ಮೈಲಿಗೊಬ್ಬರಂತೆ ಚೆದುರಿದ ಒಂಟಿಮನೆಗಳ ಬಾಳು ಈ ಅಳತೆಯ ಫಲ.

ಮೆಟೀ ಮಕ್ಕಳಿಗೆ ಮಾತುಕೊಟ್ಟ ನೆಲದ ಹಂಚಿಕೆ ಕೈಗೊಂಡಷ್ಟು ಸಲವೂ ನಿಂತು, ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಆರಂಭವಾಗಿ, ಹತ್ತು ವರ್ಷಗಳಿಗೂ ಮಿಕ್ಕಿ ಎಳೆಯಿತು. ಒಬ್ಬೊಬ್ಬರಿಗೆ 240 ಎಕರೆಯೆಂದು ಗೊತ್ತಾಗಿ ಚೀಟಿಯೆತ್ತಿ ಹಂಚಿದ್ದರಿಂದ ಒಂದೇ ಮನೆಯ ಮಕ್ಕಳ ಪಾಲುಗಳು ದೂರ ದೂರ ಬಿದ್ದವು. ಅಷ್ಟರಲ್ಲಿ ದಲ್ಲಾಳಿಗಳು ಬಂದು ಇನ್ನೂ ಕೈಗೆ ಬಾರದ ಹಕ್ಕನ್ನು ಅಗ್ಗದ ಬೆಲೆಗೆ ಬರೆಸಿಕೊಳ್ಳುತ್ತಿದ್ದರು. ಕೊನೆಗೆ 993 ಮಕ್ಕಳಿಗೆ ನೆಲವೇ ಸಾಲದೆ, ಭೂಮಿಗೆ ಬದಲಾಯಿಸಿಕೊಳ್ಳಬಹುದಾದ ಸ್ಕ್ರಿಪ್ ಎಂಬ ಸರಕಾರಿ ಚೀಟಿಯನ್ನು 240 ಡಾಲರ್ ಮುಖಬೆಲೆಗೆ ಕೊಡಲಾಯಿತು. ಆ ವೇಳೆಗೆ ಏರಿದ್ದ ದರದಲ್ಲಿ ಅದಕ್ಕೆ ಹಿಂದಿನವರ ಪಾಲಿನ ಅರ್ಧಕ್ಕಿಂತ ಹೆಚ್ಚು ನೆಲ ಸಿಗುವಂತಿರಲಿಲ್ಲ. ಈ ವಿಳಂಬವನ್ನು ಕೇವಲ ಕಚೇರಿಯ ಸೋಮಾರಿತನವೆಂದು ತಳ್ಳಿಹಾಕುವುದು ಕಷ್ಟ, ಏಕೆಂದರೆ ಅದೇ ವರ್ಷಗಳಲ್ಲಿ ಆಂಟೇರಿಯೊದಿಂದ ಬಂದವರಿಗೆ ಕಾಲು ಸೆಕ್ಷನ್‌ಗಳು ಚುರುಕಾಗಿಯೇ ದೊರೆಯುತ್ತಿದ್ದವು. ಪ್ರಾಂತ ಹುಟ್ಟಿದಾಗ ಜನಸಂಖ್ಯೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಾಗಿದ್ದ ಮೆಟೀ ಜನ 1886ರ ಹೊತ್ತಿಗೆ ನೂರಕ್ಕೆ ಏಳರ ಆಸುಪಾಸಿಗೆ ಇಳಿದಿದ್ದರು. ಬಹಳ ಮಂದಿ ಪಶ್ಚಿಮದ ಸಸ್ಕಾಚವನ್ ನದಿಯ ಕಡೆಗೆ ಹೋಗಿ ಅಲ್ಲಿಯೂ ಹೊಳೆಪಟ್ಟಿಗಳನ್ನೇ ಮಾಡಿಕೊಂಡರು.

ಹೊಸಬರಲ್ಲಿ ಎರಡು ಗುಂಪುಗಳನ್ನು ಇಲ್ಲಿ ಹೆಸರಿಸಬೇಕು. ಐಸ್‌ಲ್ಯಾಂಡಿನವರು 1875ರಲ್ಲಿ, ಆಗ ಪ್ರಾಂತದ ಗಡಿಯಿಂದಾಚೆಗಿದ್ದ ವಿನಿಪೆಗ್ ಸರೋವರದ ದಂಡೆಯಲ್ಲಿ, ಗಿಮ್ಲಿ ಎಂಬ ಊರು ಕಟ್ಟಿ ಸ್ವಂತ ಕಟ್ಟಳೆಯ ಆಡಳಿತ ನಡೆಸಿದರು. ಮರುವರ್ಷದ ಸಿಡುಬಿಗೆ ಅವರಲ್ಲಿ ಸುಮಾರು ನೂರು ಮಂದಿಯೂ ನೆರೆಯ ಮೂಲನಿವಾಸಿಗಳಲ್ಲಿ ಅನೇಕರೂ ಬಲಿಯಾದರು. ರಷ್ಯಾ ಸಾಮ್ರಾಜ್ಯದ ದಕ್ಷಿಣ ಭಾಗದಿಂದ 1874ರ ಬಳಿಕ ಬಂದ ಸುಮಾರು 7,000 ಮೆನೊನೈಟರ ಕಥೆ ಇನ್ನಷ್ಟು ಅರ್ಥಪೂರ್ಣ. ಆಯುಧ ಹಿಡಿಯದಿರುವುದನ್ನು ಧರ್ಮವಾಗಿ ಪಾಲಿಸುವ ಈ ಕ್ರೈಸ್ತ ಪಂಥದವರು ಸೇನೆಯ ಸೇವೆಯಿಂದ ವಿನಾಯಿತಿಯ ಭರವಸೆ ಪಡೆದು ಬಂದು, ಮರವಿಲ್ಲದ ತೆರೆದ ಬಯಲಿನಲ್ಲಿಯೂ ಬೇಸಾಯ ಸಾಧ್ಯವೆಂದು ತೋರಿಸಿದರು. ಕಾಲು ಸೆಕ್ಷನ್‌ಗಳನ್ನು ಕಾಗದದ ಮೇಲೆ ಬೇರೆ ಬೇರೆ ಹೆಸರಿನಲ್ಲಿ ಬರೆಸಿಕೊಂಡರೂ, ಅವನ್ನೆಲ್ಲ ಒಟ್ಟುಗೂಡಿಸಿ, ಒಂದೇ ಬೀದಿಯ ಇಕ್ಕೆಲದಲ್ಲಿ ಮನೆಯೂ ಕೊಟ್ಟಿಗೆಯೂ ಕೂಡಿದ ಕಟ್ಟಡಗಳ ಸಾಲೂರುಗಳನ್ನು ಕಟ್ಟಿ, ಹೊಲವನ್ನು ಉದ್ದ ಪಟ್ಟಿಗಳಾಗಿ ಹಂಚಿಕೊಂಡು, ಹುಲ್ಲುಗಾವಲನ್ನು ಸಾಮೂಹಿಕವಾಗಿ ಇಟ್ಟುಕೊಂಡರು. ಪ್ರತಿಯೊಬ್ಬನೂ ತನ್ನ ತುಂಡಿನ ಮೇಲೆಯೇ ವಾಸಿಸಬೇಕೆಂಬ ನಿಯಮವನ್ನು ಅವರಿಗಾಗಿ ಸರಕಾರ ಸಡಿಲಿಸಿತು. ಮನಸ್ಸಿದ್ದರೆ ಚೌಕದ ಕಾನೂನೂ ಬಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಮೆರಿಕದಿಂದ ರೈಲು 1878ರ ಕೊನೆಯಲ್ಲಿ ಬಂದು ತಲಪಿ, ರೆಡ್ ಫೈಫ್ ಗೋಧಿ ಹೊರದೇಶಗಳಿಗೆ ಹೋಗತೊಡಗಿತು. 1881ರಲ್ಲಿ ಜನಸಂಖ್ಯೆ 62,000 ದಾಟಿ, ಹತ್ತು ವರ್ಷಗಳಲ್ಲಿ ಒಂದೂವರೆ ಲಕ್ಷವಾಯಿತು. ಗಡಿಗಳು 1881ರಲ್ಲಿ ಒಮ್ಮೆ, 1912ರಲ್ಲಿ ಮತ್ತೊಮ್ಮೆ ಹಿಗ್ಗಿ ಹಡ್ಸನ್ ಕೊಲ್ಲಿಯವರೆಗೆ ಚಾಚಿದವು. ಫ್ರೆಂಚ್ ಭಾಷೆಗೆ ಕೊಟ್ಟಿದ್ದ ರಕ್ಷಣೆಯನ್ನು 1890ರಲ್ಲಿ ಶಾಸನಸಭೆ ಕಿತ್ತುಹಾಕಿತು. ಅದು ಅಸಿಂಧುವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1979ರಲ್ಲಿ. ವಿನಿಪೆಗ್ ನಗರದ ಮೇನ್ ಸ್ಟ್ರೀಟ್ ಮತ್ತು ಪೋರ್ಟೇಜ್ ಅವೆನ್ಯೂ 132 ಅಡಿಯಷ್ಟು ಅಗಲವಾಗಿರುವುದು ಅವು ಬಂಡಿಗಳು ಸಾಲುಸಾಲಾಗಿ ಹೋಗುತ್ತಿದ್ದ ಹಳೆಯ ಜಾಡುಗಳಾದ್ದರಿಂದ. ನಗರದ ಬಡಾವಣೆಗಳ ಬೀದಿಗಳು ಒಂದಕ್ಕೊಂದು ಓರೆಯಾಗಿ ಸಂಧಿಸುವುದು ಅವು ಹೊಳೆಪಟ್ಟಿಗಳ ಗಡಿಗಳನ್ನು ಅನುಸರಿಸುವುದರಿಂದ.

ಸಸ್ಕಾಚವನ್‌ನಲ್ಲಿ 1885ರಲ್ಲಿ ಅದೇ ಭೂಮಿಯ ಪ್ರಶ್ನೆ ಮತ್ತೆ ದಂಗೆಯಾಗಿ, ಸೋತ ರಿಯೆಲ್‌ನನ್ನು ನವೆಂಬರ್ 16ರಂದು ರಿಜೈನಾದಲ್ಲಿ ಗಲ್ಲಿಗೇರಿಸಲಾಯಿತು. ಅವನನ್ನು ಮ್ಯಾನಿಟೋಬಾದ ಸ್ಥಾಪಕನೆಂದು ಕೆನಡಾದ ಸಂಸತ್ತು ಒಪ್ಪಿಕೊಂಡದ್ದು 1992ರಲ್ಲಿ. ಹದಿನಾಲ್ಕು ಲಕ್ಷ ಎಕರೆಯ ಮಾತನ್ನು ಮೆಟೀ ಜನ ಮರೆಯಲಿಲ್ಲ. ಮ್ಯಾನಿಟೋಬಾ ಮೆಟೀ ಒಕ್ಕೂಟವು ದಶಕಗಟ್ಟಲೆ ನಡೆಸಿದ ವ್ಯಾಜ್ಯದಲ್ಲಿ 2013ರ ಮಾರ್ಚ್ 8ರಂದು ತೀರ್ಪಿತ್ತ ಕೆನಡಾದ ಸುಪ್ರೀಂ ಕೋರ್ಟ್, 31ನೆಯ ವಿಧಿಯ ಭೂಹಂಚಿಕೆಯನ್ನು ಸರಕಾರವು ರಾಜಪ್ರಭುತ್ವದ ಗೌರವಕ್ಕೆ ತಕ್ಕಂತೆ ನಡೆಸಲಿಲ್ಲವೆಂದು ಘೋಷಿಸಿತು. ಒಕ್ಕೂಟವು ಹಣದ ಪರಿಹಾರವನ್ನು ಕೇಳಿರಲಿಲ್ಲ, ಸರಕಾರದೊಡನೆ ಸಂಧಾನಕ್ಕೆ ಕೂರಲು ಆಧಾರವಾಗಿ ಈ ಘೋಷಣೆಯನ್ನಷ್ಟೇ ಬೇಡಿತ್ತು.